ಪೀಠದ ಹಿಂದಿನ ಚೀಲ

ಗುರುವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ, ಸ್ಕೆಲ್ಬಿ ಊರಿನ ಗ್ರಂಥಾಲಯದ ಎರಡನೇ ಕಂಪ್ಯೂಟರಿನ ಮುಂದೆ ಕೂತು, ಲೋರ್ನಾ ಟಾಮ್ಲಿನ್ ಗಂಡನಿಗೆ ಹೇಳದೆ ಒಂದು ಸಹಿ ಹಾಕಿದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವನಿಗೆ ಹೇಳದೆ ಮಾಡಿದ ಕೆಲಸಗಳು ಬೇಕಾದಷ್ಟಿದ್ದವು. ಅವನ ವಿರುದ್ಧ ಮಾಡಿದ್ದು ಇದೇ ಮೊದಲು.

ಪೆನ್ನು ಹಿಡಿದು ಹಾಕುವ ಸಹಿಯಲ್ಲ ಅದು. ಸಂಸತ್ತಿನ ವೆಬ್‌ಸೈಟಿನಲ್ಲಿ ಒಂದು ಮನವಿ ಇತ್ತು: ಯೂರೋಪ್ ಒಕ್ಕೂಟದಿಂದ ಹೊರಗೆ ಹೋಗುವುದನ್ನು ರದ್ದು ಮಾಡಿ, ಒಳಗೇ ಇರೋಣ. ಹೊರಗೆ ಹೋಗಲು ಗೊತ್ತು ಮಾಡಿದ್ದ ದಿನಕ್ಕೆ ಇನ್ನು ಎಂಟೇ ದಿನ. ಹೇಗೆ ಹೋಗುವುದು, ಯಾವ ಒಪ್ಪಂದದ ಮೇಲೆ ಹೋಗುವುದು ಎಂದು ಕೇಳಿದರೆ ಲಂಡನ್ನಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮೂರು ವರ್ಷ ಇದನ್ನೇ ಕೇಳಿ ಕೇಳಿ ಸಾಕಾದ ಜನ ಬೆಳಗಿನಿಂದ ಆ ಒಂದು ಪುಟಕ್ಕೆ ಮುಗಿಬಿದ್ದಿದ್ದರು. ವೆಬ್‌ಸೈಟು ಎರಡು ಸಲ ಕುಸಿದು ಬಿದ್ದು, ಎದ್ದು, ಈಗ ಕುಂಟುತ್ತಿತ್ತು.

"ಹೋಯ್ತಾ?" ಎಂದಳು ಮ್ಯೂರಿಯಲ್. ಅವಳಿಗೆ ಎಪ್ಪತ್ನಾಲ್ಕು. ಗುರುವಾರಗಳಂದು ಇಬ್ಬರೂ ಕೂಡಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು.

"ಸುತ್ತುತ್ತಾ ಇದೆ."

"ದೇಶಾನೇ ಮೂರು ವರ್ಷದಿಂದ ಸುತ್ತುತ್ತಾ ಇದೆ. ಅದೊಂದು ನಿಂತ್ಕೊಳ್ಳತ್ತಾ?"

"ಮೆತ್ತಗೆ ಮಾತಾಡೇ. ಅಲ್ಲಿ ಜನ ಇದಾರೆ."

"ಯಾರು, ಆ ಮುದುಕನಾ? ಅವನು ಬಂದಿರೋದು ಹೀಟರ್ ಪಕ್ಕ ಕೂರೋಕೆ. ಪುಸ್ತಕ ತಲೆಕೆಳಗಾಗಿದೆ ನೋಡು."

ಹೆಸರು, ಪೋಸ್ಟ್‌ಕೋಡ್, ಈಮೇಲ್ ವಿಳಾಸ. ಲೋರ್ನಾ ಎರಡು ಬೆರಳಲ್ಲಿ ಒತ್ತಿದಳು. ಪುಟ ಕಣ್ಣುಮುಚ್ಚಿ ತೆರೆದು ಹೇಳಿತು: ನಿಮಗೊಂದು ಈಮೇಲ್ ಕಳಿಸಿದ್ದೇವೆ, ಅದರಲ್ಲಿರುವ ಕೊಂಡಿಯನ್ನು ಒತ್ತಿ ಖಚಿತಪಡಿಸಿ. ಅಲ್ಲಿಯವರೆಗೆ ನಿಮ್ಮ ಸಹಿ ಲೆಕ್ಕಕ್ಕಿಲ್ಲ.

"ಇದರಿಂದ ಏನಾದ್ರೂ ಆಗತ್ತಾ, ಮ್ಯೂರಿಯಲ್?"

"ಏನೂ ಆಗಲ್ಲ. ಈ ಲೈಬ್ರರಿ ಉಳಿಸಿ ಅಂತ ಸಹಿ ಹಾಕಿದ್ವಲ್ಲ, ಏನಾಯ್ತು? ಸಂಬಳದವರು ನಾಲ್ಕು ಜನ ಮನೆಗೆ ಹೋದ್ರು, ಬಿಟ್ಟಿ ಚಾಕರಿಗೆ ನೀನೂ ನಾನೂ ಬಂದ್ವಿ. ಉಳೀತಲ್ಲಾ ಅಂತಾರೆ ಈಗ." ಮ್ಯೂರಿಯಲ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು. "ಆದ್ರೂ ಹಾಕು. ನನ್ನತ್ರ ಈಮೇಲ್ ಇದ್ದಿದ್ರೆ ಎರಡು ಸಲ ಹಾಕ್ತಿದ್ದೆ."

ಲೋರ್ನಾಳ ಬಳಿಯೂ ಈಮೇಲ್ ಇತ್ತು ಎನ್ನಲು ಬರುವುದಿಲ್ಲ. ಟಾಮ್ಲಿನ್ ಮನೆಯ ಬಳಿ ಇತ್ತು. ಅವರ ಓರಗೆಯ ದಂಪತಿಗಳಿಗೆ ಸ್ಕೆಲ್ಬಿಯಲ್ಲಿ ಮನೆಗೊಂದು ಕಾರು, ಒಂದು ಫೋನು, ಒಂದು ಈಮೇಲ್. ಗಂಡನ ಹೆಸರು ಮೊದಲು, ಹೆಂಡತಿಯದು ಆಮೇಲೆ, ನಡುವೆ ಒಂದು ಗೀಟು. ಕ್ಲೈವ್-ಲೋರ್ನಾ. ಹಿಂದಿನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ಅದು ತೆರೆಯುತ್ತಿರಲಿಲ್ಲ. ತೆರೆಯುತ್ತಿದ್ದವನು ಕ್ಲೈವ್, ದಿನಾ ಸಂಜೆ ಆರಕ್ಕೆ, ಊಟದ ನಂತರ. ತೆರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದ. ಟೊಮೇಟೊ ಬೀಜಕ್ಕೆ ರಿಯಾಯಿತಿ ಬಂದರೂ ಓದುತ್ತಿದ್ದ, ಕಣ್ಣಿನ ಪರೀಕ್ಷೆಗೆ ಕರೆ ಬಂದರೂ ಓದುತ್ತಿದ್ದ.

ಇದೆಲ್ಲ ಗೊತ್ತಿದ್ದೂ ಲೋರ್ನಾ ಅದೇ ವಿಳಾಸ ಕೊಟ್ಟಿದ್ದಳು, ಏಕೆಂದರೆ ಅವಳದೊಂದು ಲೆಕ್ಕಾಚಾರ ಇತ್ತು. ಕ್ಲೈವ್ ತೋಟದಿಂದ ಬರುವುದು ನಾಲ್ಕಕ್ಕೆ. ಅವಳು ಮನೆ ಸೇರುವುದು ಎರಡಕ್ಕೆ. ಎರಡು ಗಂಟೆಯ ಸಮಯ. ಕೊಂಡಿ ಒತ್ತಿ, ಈಮೇಲ್ ಅಳಿಸಿ, ಚಹಾಕ್ಕೆ ನೀರಿಟ್ಟರೂ ಇನ್ನೂ ಸಮಯ ಉಳಿಯುತ್ತದೆ.

ಎರಡಕ್ಕೆ ಮನೆಗೆ ಬಂದು ಕೋಟು ಕೂಡ ಬಿಚ್ಚದೆ ನೋಡಿದಳು. ಈಮೇಲ್ ಬಂದಿರಲಿಲ್ಲ. ಎರಡೂವರೆಗೂ ಇಲ್ಲ. ಮೂರಕ್ಕೂ ಇಲ್ಲ. ಲಕ್ಷಾಂತರ ಜನ ಒಟ್ಟಿಗೆ ಒತ್ತಿದ್ದರಿಂದ ಈಮೇಲುಗಳು ಎಲ್ಲೋ ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಮೂರೂ ಮುಕ್ಕಾಲಿಗೆ ಹಿತ್ತಲ ಗೇಟಿನ ಸದ್ದಾಯಿತು. ಕ್ಲೈವ್ ಬೂಟಿನ ಮಣ್ಣು ಕೆರೆಯುತ್ತಿದ್ದ.

"ಇವತ್ತು ಬೇಗ ಬಂದ್ಯಲ್ಲ," ಎಂದಳು.

"ಸುಸ್ತು ಮಾರಾಯ್ತಿ. ಶೆಡ್ಡಿನಲ್ಲಿ ಕೂತವನು ಹಾಗೇ ನಿದ್ದೆ ಹೋಗ್ಬಿಟ್ಟೆ." ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದ. ಇನ್ನೊಂದು ಲೋಟ ಹಿಡಿದ. ಅದನ್ನೂ ಕುಡಿದ.

ಕ್ಲೈವ್‌ಗೆ ಅರವತ್ತಾರು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಐದು ವರ್ಷದಿಂದ ಇನ್ಸುಲಿನ್. ಸಂಜೆ ಊಟಕ್ಕೆ ಮುಂಚೆ ಪೆನ್ನಿನಂಥ ಒಂದು ಸಾಧನದ ತುದಿ ತಿರುಗಿಸಿ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಒಂದೊಂದು ಅಂಕಿಗೂ ಅದು ಟಿಕ್ ಎನ್ನುತ್ತದೆ. ಡಾಕ್ಟರು ಹೇಳಿದ್ದು ಹದಿನೆಂಟು. ಆ ಔಷಧಿ ಈ ದೇಶದಲ್ಲಿ ತಯಾರಾಗುವುದಿಲ್ಲ, ಸಮುದ್ರ ದಾಟಿ ಬರುತ್ತದೆ. ಒಪ್ಪಂದವಿಲ್ಲದೆ ಹೊರಗೆ ಬಿದ್ದರೆ ಬಂದರುಗಳಲ್ಲಿ ಲಾರಿಗಳು ಮೈಲಿಗಟ್ಟಲೆ ನಿಲ್ಲುತ್ತವೆಂದು ಜನವರಿಯಿಂದ ಟಿವಿಯಲ್ಲಿ ಬರುತ್ತಿತ್ತು. ಲಾರಿಗಳ ಚಿತ್ರ ಬಂದಾಗಲೆಲ್ಲ ಲೋರ್ನಾಳ ಕಣ್ಣು ಫ್ರಿಜ್ಜಿನ ಕಡೆ ಹೋಗುತ್ತಿತ್ತು. ಕ್ಲೈವ್ ಚಾನೆಲ್ ಬದಲಿಸುತ್ತಿದ್ದ. "ಹೆದರಿಸೋಕೆ ಹೇಳ್ತಾರೆ," ಎನ್ನುತ್ತಿದ್ದ. "ಅವಾಗಿಂದ ಹೆದರಿಸ್ತಾನೇ ಇದಾರೆ."

ಅವಾಗಿಂದ ಅಂದರೆ ಎರಡು ಸಾವಿರದ ಹದಿನಾರರ ಜನಮತದಿಂದ. ಇಬ್ಬರೂ ಹೊರಗೆ ಹೋಗಬೇಕೆಂದೇ ಓಟು ಹಾಕಿದ್ದರು. ಊರಿನ ನೂರಕ್ಕೆ ಎಪ್ಪತ್ತು ಜನ ಹಾಗೇ ಹಾಕಿದ್ದರು. ಲೋರ್ನಾ ಹಾಕಿದ್ದು ಯೂರೋಪಿನ ಮೇಲಿನ ಸಿಟ್ಟಿಗಲ್ಲ. ಈಜುಕೊಳಕ್ಕಾಗಿ.

ಸ್ಕೆಲ್ಬಿಯಲ್ಲಿ ಮೊದಲು ಒಂದು ಈಜುಕೊಳವಿತ್ತು. ಕ್ಲೈವ್ ಇಪ್ಪತ್ತೆರಡು ವರ್ಷ ಅದರ ಪಂಪುಮನೆ ನೋಡಿಕೊಂಡಿದ್ದ. ನೀರಿನ ಬಿಸಿ, ಕ್ಲೋರಿನ್, ಶೋಧಕಗಳು ಎಲ್ಲ ಅವನದೇ. ಅದನ್ನು ಮುಚ್ಚುತ್ತೇವೆ ಎಂದಾಗ ಅವನು ಮನೆಮನೆ ತಿರುಗಿ ಸಹಿ ಎತ್ತಿದ. ನಾಲ್ಕು ಸಾವಿರದ ನೂರ ಹನ್ನೆರಡು ಸಹಿ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಪೋಸ್ಟ್‌ಕೋಡ್ ಬರೆದಿರಲಿಲ್ಲ. ಬರೆಯದಿದ್ದರೆ ಸಹಿ ಬಿದ್ದುಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಅಷ್ಟೂ ಮನೆಗಳಿಗೆ ಇನ್ನೊಮ್ಮೆ ಹೋಗಿ ಬರೆಸಿಕೊಂಡು ಬಂದ. ಊರಿನ ಸಂಸದ ಅದನ್ನು ಸಂಸತ್ತಿನಲ್ಲಿ ಮಂಡಿಸುವ ದಿನ, ಶವಸಂಸ್ಕಾರಕ್ಕೆ ಹಾಕುವ ಕರಿ ಸೂಟು ತೊಟ್ಟು ರೈಲು ಹತ್ತಿ ಲಂಡನ್ನಿಗೆ ಹೋದ. ನೋಡಲು ಬಂದವರು ಕೂರುವ ಗ್ಯಾಲರಿಯಲ್ಲಿ, ಗಾಜಿನ ಹಿಂದೆ ಕೂತು ನೋಡಿದ. ದಿನದ ಕೆಲಸವೆಲ್ಲ ಮುಗಿದು ಸಭೆ ಖಾಲಿಯಾಗಿತ್ತು. ಸಂಸದ ಎದ್ದು ಅರ್ಧ ನಿಮಿಷ ಓದಿದ. ಕಾಗದದ ಕಟ್ಟನ್ನು ಹಿಡಿದು ಸಭಾಧ್ಯಕ್ಷರ ಪೀಠದ ಹಿಂದಕ್ಕೆ ನಡೆದ. ಅಲ್ಲಿ ಮನವಿಗಳಿಗೆಂದೇ ಒಂದು ಹಸಿರು ಬಟ್ಟೆಯ ಚೀಲ ನೇತು ಬಿದ್ದಿರುತ್ತದೆ. ಅದರೊಳಗೆ ಕಟ್ಟನ್ನು ಇಳಿಬಿಟ್ಟು, ಬಾಗಿಲ ಕಡೆ ಹೊರಟುಹೋದ.

"ಚೀಲ ಕಣೇ," ಎಂದು ಆ ದಿನ ಮನೆಗೆ ಬಂದು ಕ್ಲೈವ್ ಹೇಳಿದ್ದ. "ಆಲೂಗೆಡ್ಡೆ ತರೋಕೆ ಹೋಗ್ತೀವಲ್ಲ, ಆ ಥರದ್ದು."

ಮೂರು ತಿಂಗಳ ಮೇಲೆ ಎರಡು ಪ್ಯಾರಾದ ಉತ್ತರ ಬಂತು. ಕೊಳಕ್ಕೆ ಕಲ್ಲುಮಣ್ಣು ತುಂಬಿ ಮೇಲೆ ಕಾರು ನಿಲ್ಲಿಸುವ ಜಾಗ ಮಾಡಿದರು. ಅದರ ಒಂದು ಅಂಚಿನಲ್ಲಿ ನೀಲಿ ಹೆಂಚಿನ ಸಾಲೊಂದು ಇವತ್ತಿಗೂ ಕಾಣುತ್ತದೆ. ಕ್ಲೈವ್ ಅಲ್ಲಿ ಕಾರು ನಿಲ್ಲಿಸುವುದಿಲ್ಲ.

ಹಾಗಾಗಿ ಜನಮತ ಬಂದಾಗ ಅವನು ಹೇಳಿದ್ದು ಒಂದೇ ಮಾತು: "ಓಟು ಚೀಲಕ್ಕೆ ಬೀಳಲ್ಲ." ಲೋರ್ನಾ ಅವನ ಮುಖ ನೋಡಿ ಓಟು ಹಾಕಿದಳು. ಫಲಿತಾಂಶದ ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದನ್ನು ನೋಡಿದವಳು ಅವಳೊಬ್ಬಳೇ. ಈಗ ಆ ಓಟನ್ನೇ ವಾಪಸು ಕೇಳುವ ಮನವಿಗೆ ಸಹಿ ಹಾಕಿ ಕೂತಿದ್ದಳು.

ಐದೂವರೆಗೆ ಸಾಸೇಜು, ಅವರೆ, ಬೇಯಿಸಿದ ಆಲೂ. ಊಟಕ್ಕೆ ಮುಂಚೆ ಕ್ಲೈವ್ ಪಡಸಾಲೆಯ ಕುರ್ಚಿಯಲ್ಲಿ ಕೂತು ಪೆನ್ನು ತಿರುಗಿಸಿದ. ಟಿಕ್ ಟಿಕ್ ಸದ್ದು ಅಡುಗೆಮನೆಗೆ ಕೇಳಿಸಿತು, ಬೇಗ ನಿಂತಿತು. ಲೋರ್ನಾಳ ಗಮನ ಗಡಿಯಾರದ ಮೇಲಿತ್ತು.

ಆರಕ್ಕೆ ಅವನು ಹಿಂದಿನ ಕೋಣೆಗೆ ಹೋದ. ಅವಳು ಪಾತ್ರೆ ತೊಳೆಯುತ್ತ ಬಾಗಿಲ ಕಡೆ ಕಿವಿ ಇಟ್ಟಳು.

"ಹುಲ್ಲು ಕತ್ತರಿಸೋ ಮಷೀನಿನವರು," ಅವನ ದನಿ ಬಂತು. "ಸರ್ವೀಸಿಗೆ ತನ್ನಿ ಅಂತಾರೆ. ಹೋದ ತಿಂಗಳು ತಾನೇ ಮಾಡಿಸಿದ್ದು. ಇವರಿಗೆ ನೆನಪೇ ಇರಲ್ಲ."

"ಹೂಂ."

"ಬೀಜದವರು. ಬಟಾಣಿ, ಎರಡು ತಗೊಂಡ್ರೆ ಒಂದು ಉಚಿತ."

"ಹೂಂ."

"ಸಂಸತ್ತಿನ ಮನವಿ ವಿಭಾಗದಿಂದ." ಇಷ್ಟು ಹೇಳಿ ನಿಲ್ಲಿಸಿದ. ಲೋರ್ನಾ ನಲ್ಲಿ ಮುಚ್ಚಿದಳು. ಕುರ್ಚಿ ಒಮ್ಮೆ ಕಿರುಗುಟ್ಟಿತು. ತುಂಬ ಹೊತ್ತಿನ ಮೇಲೆ ಅವನ ದನಿ ಮತ್ತೆ ಬಂತು, ಮೊದಲಿನ ಹಾಗೇ. "ಕಣ್ಣಿನ ಅಂಗಡಿಯವರು. ಚೌಕಟ್ಟಿಗೆ ಅರ್ಧ ಬೆಲೆ."

ಆ ಸಂಜೆ ಅವನು ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವನು ಬೈದಿದ್ದರೆ ಅವಳೂ ತಿರುಗಿ ಬೈಯಬಹುದಿತ್ತು. ಇಬ್ಬರೂ ಹಾವು ಸಾಕುವ ಕಾರ್ಯಕ್ರಮವೊಂದನ್ನು ಕೊನೆಯವರೆಗೂ ನೋಡಿದರು.

ಶುಕ್ರವಾರ ಬೆಳಿಗ್ಗೆ ಕ್ಲೈವ್ ಚಹಾದ ಫ್ಲಾಸ್ಕು ಮೇಜಿನ ಮೇಲೇ ಬಿಟ್ಟು ತೋಟಕ್ಕೆ ಹೋದ. ಅವನು ಮರೆತು ಬಿಡುವವನಲ್ಲ. ಲೋರ್ನಾ ಹಿಂದಿನ ಕೋಣೆಗೆ ಹೋಗಿ ಕಂಪ್ಯೂಟರು ಹಚ್ಚಿದಳು. ಈಮೇಲ್ ಅಲ್ಲೇ ಇತ್ತು. ತೆರೆದಿದ್ದ, ಅಳಿಸಿರಲಿಲ್ಲ. 'ಪ್ರಿಯ ಲೋರ್ನಾ ಟಾಮ್ಲಿನ್, ನಿಮ್ಮ ಸಹಿಯನ್ನು ಖಚಿತಪಡಿಸಲು ಕೆಳಗೆ ಒತ್ತಿ.' ನೀಲಿ ಅಕ್ಷರದ ಕೊಂಡಿಯ ಮೇಲೆ ಬಾಣ ತಂದು ಇಟ್ಟಳು. ಬೆರಳು ಏಳಲಿಲ್ಲ. ನಿನ್ನೆ ಒತ್ತಿದ್ದರೆ ಅವನಿಗೆ ಗೊತ್ತಿಲ್ಲದ ಸಹಿ ಆಗುತ್ತಿತ್ತು. ಇವತ್ತು ಒತ್ತಿದರೆ ಅವನ ಮುಖಕ್ಕೇ ಒತ್ತಿದ ಹಾಗೆ, ಅದೂ ಅವನಿಲ್ಲದಾಗ. ಅದು ಅವಳಿಗೆ ಹೊಲಸೆನಿಸಿತು. ಕಂಪ್ಯೂಟರು ಆರಿಸಿ ಕೋಟು ಹಾಕಿಕೊಂಡಳು. ಆ ದಿನ ಹೇಗೂ ಔಷಧಿ ಅಂಗಡಿಗೆ ಹೋಗಬೇಕಿತ್ತು. ಎರಡೂವರೆ ತಿಂಗಳಿಗೊಮ್ಮೆ ಐದು ಪೆನ್ನಿನ ಒಂದು ಪೆಟ್ಟಿಗೆ.

ಅಂಗಡಿಯಲ್ಲಿ ಮುಂದೆ ಆರು ಜನ. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಬೇರೆ ಬೇರೆ ಔಷಧಿಯ ಹೆಸರಲ್ಲಿ. ಔಷಧಿ ಕೊಡುವ ಹುಡುಗಿಗೆ ಮೂವತ್ತು ದಾಟಿರಲಿಕ್ಕಿಲ್ಲ, ಆದರೆ ಆ ವಾರ ಐವತ್ತರವಳ ಹಾಗೆ ಕಾಣುತ್ತಿದ್ದಳು.

"ಮುಂದಿನ ಪೆಟ್ಟಿಗೆ ಜೂನಿನಲ್ಲಿ," ಎಂದಳು ಲೋರ್ನಾ. "ಅದು ಬರತ್ತಾ?"

"ಚಿಂತೆ ಮಾಡ್ಬೇಡಿ ಅಂತ ಹೇಳು ಅಂತ ನನಗೆ ಹೇಳಿದಾರೆ, ಆಂಟಿ."

"ಅದು ಸರಿ. ಬರತ್ತಾ?"

ಹುಡುಗಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಮಡಚಿದಳು. "ಅಷ್ಟೇ ಹೇಳಿರೋದು, ಆಂಟಿ. ನಿನ್ನೆ ರಾತ್ರಿ ಅಂತೂ ಹೊರಗೆ ಹೋಗೋ ದಿನಾನ ಎರಡು ವಾರ ಮುಂದಕ್ಕೆ ಹಾಕಿದಾರಂತೆ. ಎರಡು ವಾರ ಚಿಂತೆ ಮಾಡ್ಬೇಡಿ."

ಮನೆಗೆ ಬಂದು ಲೋರ್ನಾ ಫ್ರಿಜ್ಜು ತೆರೆದಳು. ಇನ್ಸುಲಿನ್ ಇಡುವುದು ಬೆಣ್ಣೆಯ ತಟ್ಟೆಯ ಹಿಂದೆ. ಹೊಸ ಪೆಟ್ಟಿಗೆ ತಂದಾಗ ಹಳೆಯದು ಖಾಲಿಯಿರುತ್ತದೆ. ತೆಗೆದು ಬಿಸಾಡಿ ಹೊಸದನ್ನು ಇಡುವುದು ಅವಳ ರೂಢಿ. ಹಳೆಯ ಪೆಟ್ಟಿಗೆ ಎತ್ತಿದಳು. ಕೈಗೆ ಭಾರ ತಾಗಿತು. ಬಿಚ್ಚಿ ನೋಡಿದರೆ ಎರಡು ಪೆನ್ನು, ಮುಚ್ಚಳದ ಮೊಹರೂ ಒಡೆದಿಲ್ಲ.

ಬಾಗಿಲು ತೆರೆದಿಟ್ಟ ಫ್ರಿಜ್ಜು ಗುಂಯ್‌ಗುಟ್ಟುತ್ತಿತ್ತು. ಲೋರ್ನಾ ಶಾಲೆಯಲ್ಲಿ ಗಣಿತದಲ್ಲಿ ಹಿಂದೆ. ಆದರೆ ಇದಕ್ಕೆ ಗಣಿತ ಬೇಕಿರಲಿಲ್ಲ. ಐದು ಪೆನ್ನು ಮುಗಿಯಬೇಕಾದ ದಿನಗಳಲ್ಲಿ ಮೂರೇ ಮುಗಿದಿವೆ. ಲೋಟದ ಮೇಲೆ ಲೋಟ ನೀರು, ಶೆಡ್ಡಿನ ನಿದ್ದೆ, ಬೇಗ ನಿಲ್ಲುವ ಟಿಕ್ ಟಿಕ್ ಎಲ್ಲ ಒಂದೇ ಸಲ ನೆನಪಾಯಿತು. ಟಿವಿಯಲ್ಲಿ ಲಾರಿಗಳು ಬರುವಾಗ ಅವನು ಯಾಕೆ ಚಾನೆಲ್ ಬದಲಿಸುತ್ತಿದ್ದ ಎಂಬುದೂ ತಿಳಿಯಿತು. ಅವಳಿಗೆ ಕಾಣಬಾರದೆಂದಲ್ಲ. ಅವನಿಗೇ ನೋಡಲಾಗುತ್ತಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಎರಡು ಪೆನ್ನನ್ನೂ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಆಲೂಗೆಡ್ಡೆಯ ಸಿಪ್ಪೆ ತೆಗೆಯುತ್ತ ಕೂತಳು. ಎಷ್ಟು ತೆಗೆದಳೆಂದರೆ ಎಂಟು ಜನಕ್ಕಾಗುವಷ್ಟಾಯಿತು.

ಕ್ಲೈವ್ ನಾಲ್ಕಕ್ಕೆ ಬಂದ. ಬೂಟು ಬಿಚ್ಚಿದವನೇ ಅಟ್ಟಕ್ಕೆ ಹತ್ತಿ, ಒಂದು ರಟ್ಟಿನ ಪೆಟ್ಟಿಗೆ ಇಳಿಸಿಕೊಂಡು ಬಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಒಳಗೆ ನೆರಳಚ್ಚಿನ ಹಾಳೆಗಳು, ಒಂದು ಫೈಲು. ಎಲ್ಲವೂ ಈಜುಕೊಳದ್ದು.

"ಕೂತ್ಕೋ," ಎಂದ.

"ನಾನು ಕೂತೇ ಇದೀನಿ."

"ಈ ಹಾಳೆ ನೋಡು. ಬೇಕರಿ ಬೀದಿ. ನಲವತ್ತೆರಡು ಮನೆ, ನಲವತ್ತೊಂದು ಸಹಿ. ಒಬ್ಬಳು ಹಾಕಲ್ಲ ಅಂದ್ಲು, ಅವಳಿಗೆ ನೀರು ಅಂದ್ರೆ ಭಯ. ಅವಳನ್ನ ನಾನು ಬೈಲಿಲ್ಲ. ಹಾಕಲ್ಲ ಅಂತ ಮುಖ ನೋಡ್ಕೊಂಡು ಹೇಳಿದ್ಲು." ಹಾಳೆಯನ್ನು ಕೆಳಗಿಟ್ಟ. "ನೀನು ಹೇಳ್ಬಹುದಿತ್ತು."

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಕೂಗಾಡ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

"ಕೂಗಾಡಿ ಸುಮ್ನಾಗ್ತಿದ್ದೆ ಕಣೇ. ಈಗ ಸುಮ್ನಿದ್ದು ಸುಮ್ನಿದ್ದು ಎದೆ ಉರೀತಿದೆ." ಕುರ್ಚಿ ಎಳೆದು ಕೂತ. "ಒಂದು ಸಲ, ನನ್ನ ಜನ್ಮದಲ್ಲಿ ಒಂದೇ ಒಂದು ಸಲ, ಮೇಲಿರೋರು ನಾವು ಹೇಳಿದ್ದನ್ನ ಎಣಿಸಿದ್ರು. ಅದನ್ನ ವಾಪಸ್ ತಗೊಳ್ಳಿ ಅಂತೀಯಾ? ನನ್ನ ನಾಲ್ಕು ಸಾವಿರ ಚೀಲಕ್ಕೆ ಹೋಯ್ತು. ಈಗ ಇವರು ಕೂತಲ್ಲೇ ಕೂತು ಗುಂಡಿ ಒತ್ತಿ ನನ್ನ ಓಟನ್ನೂ ಚೀಲಕ್ಕೆ ಹಾಕ್ಬೇಕು ಅಂತಾರೆ. ಅವರ ಜೊತೆಗೆ ನೀನು!"

"ಆಯ್ತಾ?"

"ಏನು ಆಯ್ತಾ?"

ಲೋರ್ನಾ ಜೇಬಿನಿಂದ ಎರಡು ಪೆನ್ನು ತೆಗೆದು ಆ ಹಾಳೆಗಳ ಮೇಲಿಟ್ಟಳು. ಒಂದು ಉರುಳಿ ಬೇಕರಿ ಬೀದಿಯ ಮೇಲೆ ನಿಂತಿತು.

ಕ್ಲೈವ್ ನೋಡಿದ.

"ಎಷ್ಟು ತಗೋತಿದೀಯಾ?" ಎಂದಳು.

"ಸಾಕಾಗೋಷ್ಟು."

"ಎಷ್ಟು, ಕ್ಲೈವ್?"

"ಹತ್ತು."

"ಯಾವಾಗಿಂದ?"

"ಹೊಸ ವರ್ಷ ಆದ್ಮೇಲೆ." ಅವನು ಉಗುರಿನಿಂದ ಮೇಜಿನ ಮೇಲಿನ ಮಣ್ಣಿನ ಕಲೆ ಕೆರೆದ. "ಒಂದೆರಡು ಪೆನ್ನು ಕೈಯಲ್ಲಿರಲಿ ಅಂತ. ಜಾಸ್ತಿ ಕೇಳಿದ್ರೆ ಡಾಕ್ಟರು ಕೊಡಲ್ಲ, ಕೂಡಿಡ್ಬೇಡಿ ಅಂತಾರೆ. ಮತ್ತೇನ್ ಮಾಡ್ಲಿ?"

"ಹೆದರಿಸೋಕೆ ಹೇಳ್ತಾರೆ ಅಂತಿದ್ದೆ."

"ಹೇಳ್ತಿದ್ದೆ."

"ಊರೆಲ್ಲಾ ಎದೆ ತಟ್ಕೊಂಡು ಹೇಳ್ಕೊಂಡು ಬಂದು, ಮನೇಲಿ ಕದ್ದು ಕಮ್ಮಿ ಚುಚ್ಕೋತಿದ್ದೆ. ನಾನು ಕದ್ದು ಸಹಿ ಹಾಕಿದ್ದು ನಿನಗೆ ದೊಡ್ಡದಾಗಿ ಕಾಣ್ತಲ್ಲ! ಕಣ್ಣು ಹೋಗ್ತಿತ್ತು, ಕಾಲು ಹೋಗ್ತಿತ್ತು. ಶೆಡ್ಡಿನಲ್ಲಿ ಸತ್ತು ಬಿದ್ದಿದ್ರೆ ನಾಲ್ಕರವರೆಗೆ ನನಗೆ ಗೊತ್ತೂ ಆಗ್ತಿರಲಿಲ್ಲ. ಬಟಾಣಿ ಗಿಡಕ್ಕೆ ಗೊತ್ತಾಗ್ತಿತ್ತು."

ಬಟಾಣಿ ಗಿಡ ಎಂದಾಗ ಅವನ ತುಟಿ ಒಂದಿಷ್ಟು ಅಲುಗಿತು. ನಗುವಾಗಲಿಲ್ಲ.

"ನಾನು ಸಹಿ ಹಾಕಿದ್ದು ಇದಕ್ಕೆ," ಎಂದು ಲೋರ್ನಾ ಪೆನ್ನುಗಳ ಕಡೆ ಕೈ ತೋರಿಸಿದಳು. "ಯೂರೋಪ್ ಹಾಳಾಗ್ಲಿ. ನಾನು ಅಲ್ಲಿಗೆ ಹೋಗಿರೋದೇ ಎರಡು ಸಲ, ಎರಡು ಸಲಾನೂ ಹೊಟ್ಟೆ ಕೆಟ್ಟಿತ್ತು. ನಿನ್ನ ಓಟು ತಪ್ಪು ಅಂತ ನಾನು ಅಂದಿಲ್ಲ. ಆ ಔಷಧಿ ಬರೋ ದಾರಿ ಮುಚ್ಬೇಡಿ ಅಂದೆ. ಅದನ್ನ ಹೇಳೋಕೆ ಬೇರೆ ಜಾಗ ಇದ್ರೆ ತೋರಿಸು, ಅಲ್ಲಿ ಹೇಳ್ತೀನಿ."

ಕ್ಲೈವ್ ಎದ್ದು ನಲ್ಲಿಯ ಹತ್ತಿರ ಹೋದ. ಲೋಟ ಹಿಡಿದ, ನೀರು ತುಂಬಿದ, ಅವಳು ನೋಡುತ್ತಿದ್ದುದು ಗೊತ್ತಾಗಿ ಅರ್ಧ ಕುಡಿದು ಇಟ್ಟ. ಕಿಟಕಿಯಾಚೆ ನೋಡುತ್ತ ನಿಂತ. ಅವನಿಗೆ ಬೇರೆ ಜಾಗ ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ಅಲ್ಲಿಗೆ ಹೋಗುತ್ತಿದ್ದ.

"ನೀನು ಕೊಂಡಿ ಒತ್ತಿಲ್ಲ," ಎಂದ ಕೊನೆಗೆ.

"ಇಲ್ಲ."

"ಒತ್ತದೆ ಇದ್ರೆ ಅದು ಲೆಕ್ಕಕ್ಕೇ ಬರಲ್ಲ."

"ಗೊತ್ತು."

"ಗೊತ್ತಿದ್ದೂ ಬಿಟ್ಟಿದೀಯಾ?" ಅವನು ತಿರುಗಿದ. ಮುಖದಲ್ಲಿದ್ದದ್ದು ಈಗ ಬೇರೆ ಸಿಟ್ಟು. ಮುನ್ನೂರು ಮನೆಗೆ ಎರಡನೇ ಸಲ ಹೋದವನ ಸಿಟ್ಟು. "ಅರ್ಧ ಸಹಿ ಅಂದ್ರೆ ನನಗಾಗಲ್ಲ ಲೋರ್ನಾ. ಪೋಸ್ಟ್‌ಕೋಡ್ ಇಲ್ಲದ ಸಹಿ, ಗೀಚಿದ ಸಹಿ, ಗಂಡನೇ ಹೆಂಡ್ತಿದೂ ಹಾಕಿದ ಸಹಿ, ಎಲ್ಲಾ ನೋಡಿದೀನಿ. ಬೇಡ ಅಂದ್ರೆ ಅಳಿಸಿಹಾಕು. ಬೇಕು ಅಂದ್ರೆ ಒತ್ತು. ಅದನ್ನ ಹಾಗೇ ಅಲ್ಲಿ ಕೊಳೆಯೋಕೆ ಬಿಡ್ಬೇಡ."

"ಒತ್ತಿದ್ರೆ ನಿನಗೆ ನೋವಾಗತ್ತೆ."

"ಆಗತ್ತೆ."

"ಸರಿ ಹಾಗಾದ್ರೆ. ನೀನು ಹದಿನೆಂಟು ತಗೋ, ನಾನು ಒತ್ತಿ ಬರ್ತೀನಿ."

"ಇದಕ್ಕೂ ಅದಕ್ಕೂ ಸಂಬಂಧ ಇಲ್ಲ."

"ನನಗೆ ಎರಡೂ ಒಂದೇ."

ಹಿಂದಿನ ಕೋಣೆಯಲ್ಲಿ ಒಂದೇ ಕುರ್ಚಿ. ಲೋರ್ನಾ ಕೂತಳು, ಕ್ಲೈವ್ ಹಿಂದೆ ನಿಂತ. ಅವನ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು. ಅವಳು ಒತ್ತಿದಳು. ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಧನ್ಯವಾದ ಎಂಬ ಸಾಲು ಬಂತು, ಕೆಳಗೆ ಒಟ್ಟು ಸಂಖ್ಯೆ. ಅವಳದೊಂದು ಅದರೊಳಗೆ ಎಲ್ಲಿ ಬಿತ್ತೆಂದು ಹುಡುಕುವ ಹಾಗಿರಲಿಲ್ಲ. ಅವಳು ನೋಡುತ್ತಿದ್ದಂತೆಯೇ ಕೊನೆಯ ಮೂರು ಅಂಕಿ ಬದಲಾದವು.

"ಆ ನಕ್ಷೆ ಒತ್ತು," ಎಂದ ಕ್ಲೈವ್. "ಯಾವ ಕ್ಷೇತ್ರದಲ್ಲಿ ಎಷ್ಟು ಅಂತ ತೋರಿಸತ್ತೆ."

"ನಿನಗೆ ಹೇಗೆ ಗೊತ್ತು?"

"ನಿನ್ನೆ ನೋಡಿದೆ."

ಲಂಡನ್ನು, ಕೇಂಬ್ರಿಜ್, ಬ್ರಿಸ್ಟಲ್ ಎಲ್ಲ ಕೆಂಪಗೆ ಉರಿಯುತ್ತಿದ್ದವು. ಪೂರ್ವದ ಕರಾವಳಿ ಪೇಲವ ಹಳದಿ. ಕ್ಲೈವ್ ಅವಳ ಭುಜದ ಮೇಲಿಂದ ಬೆರಳು ಚಾಚಿ ಸ್ಕೆಲ್ಬಿ ಇರುವ ಕ್ಷೇತ್ರ ತೋರಿಸಿದ. ಎರಡು ಸಾವಿರದ ಆರುನೂರ ಎಂಬತ್ತನಾಲ್ಕು.

"ಇಡೀ ಕ್ಷೇತ್ರಕ್ಕೆ ಇಷ್ಟೇ," ಎಂದ. ದನಿಯಲ್ಲಿ ಹೆಮ್ಮೆ ಮುಚ್ಚಿಡಲಾಗಲಿಲ್ಲ. "ನನ್ನ ಈಜುಕೊಳಕ್ಕೆ ಈ ಒಂದು ಊರಲ್ಲೇ ಇದಕ್ಕಿಂತ ಜಾಸ್ತಿ ಬಿದ್ದಿತ್ತು."

"ಬಿದ್ದಿತ್ತು," ಎಂದಳು ಲೋರ್ನಾ. "ನಡಿ. ಊಟಕ್ಕೆ ಮುಂಚೆ ತಗೋಬೇಕಲ್ಲ."

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವನು ಹದಿನೆಂಟಕ್ಕೆ ತಿರುಗಿಸಿ, ಅಂಕಿ ಕಾಣುವ ಹಾಗೆ ಪೆನ್ನನ್ನು ಅವಳ ಕಡೆ ಹಿಡಿದು ತೋರಿಸಿ, ಚುಚ್ಚಿಕೊಂಡ. ಆಮೇಲೆ ಇಬ್ಬರೂ ಮೀನು ತಿಂದರು. ಎಂಟು ಜನರ ಆಲೂಗೆಡ್ಡೆ ಭಾನುವಾರದವರೆಗೆ ನಡೆಯಿತು. ಶನಿವಾರ ಅವನು ಪಡಸಾಲೆಯ ಸೋಫಾದ ಮೇಲೆ ಮಲಗಿದ, ಬೆನ್ನು ನೋವೆಂದು. ಬೆನ್ನು ನೋವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಭಾನುವಾರ ತಾನಾಗಿ ವಾಪಸು ಬಂದ.

ಮಂಗಳವಾರ ಸಂಜೆ ಆರಕ್ಕೆ ಲೋರ್ನಾ ಪಾತ್ರೆ ತೊಳೆಯುತ್ತಿದ್ದಳು.

"ಬೀಜದವರು," ಎಂದ ಕ್ಲೈವ್ ಒಳಗಿನಿಂದ. "ಬಟಾಣಿ ಮುಗೀತಂತೆ. ಈಗ ಹುರುಳಿಕಾಯಿ."

"ಹೂಂ."

"ಸಂಸತ್ತಿನ ಮನವಿ ವಿಭಾಗದಿಂದ. ನೀವು ಸಹಿ ಮಾಡಿದ ಮನವಿಗೆ ಸರ್ಕಾರ ಉತ್ತರ ಕೊಟ್ಟಿದೆ."

ಅವಳು ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಅವನು ಕನ್ನಡಕ ಸರಿಮಾಡಿಕೊಂಡು, ಉಳಿದೆಲ್ಲ ಈಮೇಲುಗಳನ್ನು ಓದುವ ಹಾಗೇ ಅದನ್ನೂ ಓದಿದ. ಇಷ್ಟೊಂದು ಜನ ಸಹಿ ಮಾಡಿರುವುದನ್ನು ಸರ್ಕಾರ ಗಮನಿಸಿದೆ. ಆದರೆ ನಿರ್ಧಾರವನ್ನು ರದ್ದು ಮಾಡುವುದಿಲ್ಲ. ಜನಮತದ ಫಲಿತಾಂಶವನ್ನು ಗೌರವಿಸುತ್ತದೆ. ಇನ್ನೂ ಒಂದಷ್ಟು ಸಾಲುಗಳಿದ್ದವು. ಅವುಗಳಲ್ಲಿ ಔಷಧಿಯ ಮಾತಿರಲಿಲ್ಲ.

ಅವನು ಗೆದ್ದವನ ಹಾಗೆ ನಗಬಹುದೆಂದು ಲೋರ್ನಾ ಕಾದಳು. ಅವನು ನಗಲಿಲ್ಲ. ಮುದ್ರಣ ಯಂತ್ರ ಹಚ್ಚಿ ಅದನ್ನು ಅಚ್ಚು ಹಾಕಿದ. ಹಾಳೆಗೆ ಎರಡು ತೂತು ಹೊಡೆದ. ಈಜುಕೊಳದ ಫೈಲು ಶುಕ್ರವಾರದಿಂದ ಅಟ್ಟಕ್ಕೆ ಹೋಗಿರಲಿಲ್ಲ, ಅಡುಗೆಮನೆಯ ಮೇಜಿನಿಂದ ಎತ್ತಿ ತಂದ. ಅದರ ಕೊನೆಯ ಹಾಳೆ, ಅಂದು ಬಂದಿದ್ದ ಎರಡು ಪ್ಯಾರಾದ ಉತ್ತರ, ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಇಲ್ಲೂ ಗಮನಿಸಲಾಗಿದೆ ಅಂತಾನೇ ಇದೆ ನೋಡು," ಎಂದ. "ಹತ್ತು ವರ್ಷದಲ್ಲಿ ಬೇರೆ ಪದ ಸಿಗಲಿಲ್ಲ ಇವರಿಗೆ."

"ನನ್ನದೂ ಚೀಲಕ್ಕೆ ಬಿತ್ತು."

"ಬಿತ್ತು." ಹಾಳೆಗಳನ್ನು ಒಂದರ ಹಿಂದೊಂದು ಸೇರಿಸಿ ಫೈಲು ಮುಚ್ಚಿದ. "ಈ ತಿಂಗಳು ಇಪ್ಪತ್ತೊಂಬತ್ತಕ್ಕೆ ಹೊರಗೆ ಹೋಗ್ತೀವಿ ಅಂದ್ರು. ಈಗ ಆವತ್ತು ಹೋಗಲ್ಲ ಅಂತಾರೆ. ಒಳಗಿರೋಣ ಅಂದ್ರೆ ಅದಕ್ಕೂ ಇಲ್ಲ. ನನ್ನ ಓಟು ಎಲ್ಲಿ ಬಿದ್ದಿದೆಯೋ ಅದೂ ಗೊತ್ತಿಲ್ಲ."

ಫೈಲನ್ನು ಅಟ್ಟಕ್ಕೆ ಒಯ್ಯಲಿಲ್ಲ. ಕಂಪ್ಯೂಟರಿನ ಪಕ್ಕದ ಕಪಾಟಿನಲ್ಲಿಟ್ಟ, ಕೈಗೆ ಸಿಗುವ ಹಾಗೆ.

ಮರುದಿನ ಐದೂಕಾಲಿಗೆ ಲೋರ್ನಾ ಒಲೆಯ ಮುಂದೆ ನಿಂತಿದ್ದಳು. ಪಡಸಾಲೆಯಲ್ಲಿ ಕುರ್ಚಿ ಕಿರುಗುಟ್ಟಿತು, ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಅವಳು ಬಾಣಲೆಯ ಉರಿ ಸಣ್ಣ ಮಾಡಿದಳು. ಟಿಕ್ ಟಿಕ್ ಶುರುವಾಯಿತು. ಅವಳು ಎಣಿಸಿದಳು. ಎಂಟು, ಒಂಬತ್ತು, ಹತ್ತು. ಹತ್ತಕ್ಕೆ ಅವನು ಒಂದು ಗಳಿಗೆ ನಿಂತ. ಅವಳೂ ಸೌಟು ಹಿಡಿದು ನಿಂತಳು.

ಹನ್ನೊಂದು ಬಂತು. ಅವಳು ಹದಿನೆಂಟರವರೆಗೂ ಎಣಿಸಿ, ಆಮೇಲೆ ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು.